ಕಾಲೇಜಿನಲ್ಲಿ ಕೂತು ಹತ್ತನೆಯ ವಿಜ್ಞಾನ

ಮೇ ತಿಂಗಳೆಂದರೆ ಮುಂಬಯಿ ಕನ್ನಡಿಗರಿಗೆ ಊರಿನ ತಿಂಗಳು. ಮತ್ಸ್ಯಗಂಧ ರೈಲಿಗೆ ಮೊದಲೇ ಟಿಕೆಟ್ ಮಾಡಿಸಿಟ್ಟು, ಉಡುಪಿಯಲ್ಲೋ ಕುಂದಾಪುರದಲ್ಲೋ ಇಳಿದು, ಮದುವೆ, ಮುಂಜಿ, ಹಲಸಿನಹಣ್ಣು ಎಂದು ಓಡಾಡುತ್ತಿರುವಾಗಲೇ ಫೋನಿನಲ್ಲಿ ಹತ್ತನೆಯ ತರಗತಿಯ ರಿಸಲ್ಟ್ ಬಂದಿರುತ್ತದೆ. 2025ರಲ್ಲಿ ಅದು ಮೇ 13ಕ್ಕೆ ಬಂತು. ಐದು ವಿಷಯ ಪಾಸು, ವಿಜ್ಞಾನ ಒಂದು ಹಾರಿಹೋಗಿದೆ. ಹುಡುಗ ಅಟ್ಟ ಹತ್ತಿ ಮಲಗುತ್ತಾನೆ. ಅಜ್ಜಿ ಸಮಾಧಾನ ಹೇಳುತ್ತಾರೆ. ಅಪ್ಪ, "ಆಯಿತು ಬಿಡು, ಮುಂಬಯಿಗೆ ಹೋದ ಮೇಲೆ ನೋಡುವ" ಅನ್ನುತ್ತಾರೆ.

ನಾನು ಕಂಡಂತೆ ಮಕ್ಕಳ ವರ್ಷ ಹೆಚ್ಚಾಗಿ ಹಾಳಾಗುವುದು ಈ "ಹೋದ ಮೇಲೆ ನೋಡುವ" ಎಂಬ ಮಾತಿನಿಂದ. ರಿಸಲ್ಟ್ ಬಂದ ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ರಾಜ್ಯ ಮಂಡಳಿಯವರು ಪೂರಕ ಪರೀಕ್ಷೆಯ ಫಾರ್ಮ್ ಶುರುಮಾಡುತ್ತಾರೆ, ಮಾವಿನಕಾಯಿ ಉಪ್ಪಿನಕಾಯಿ ಜಾಡಿಗೆ ತುಂಬುವಷ್ಟರಲ್ಲಿ ಅದು ಮುಚ್ಚಿಯೂ ಬಿಡುತ್ತದೆ. ಆಮೇಲೆ ವಿಳಂಬ ಶುಲ್ಕದ ಕೆಲವು ದಿನಗಳು ಸಿಗುತ್ತವೆ, ಅಷ್ಟೆ. 2025ರ ಪೂರಕ ಪರೀಕ್ಷೆ ಜೂನ್ 24ಕ್ಕೇ ಆರಂಭವಾಗಿತ್ತು. ನಮ್ಮ ಕಾಲದ ಅಕ್ಟೋಬರ್ ಪರೀಕ್ಷೆಯ ಲೆಕ್ಕದಲ್ಲಿ ಕೂತಿರುವ ಅಪ್ಪಂದಿರು ಗಮನಿಸಬೇಕು: 2015ರಿಂದ ಹತ್ತನೆಯವರಿಗೆ ಆ ಅಕ್ಟೋಬರ್ ಹೋಗಿ ಜುಲೈ ಬಂದಿದೆ.

ಮೊದಲು ಧೈರ್ಯದ ಮಾತು. ಮಹಾರಾಷ್ಟ್ರ ರಾಜ್ಯ ಮಂಡಳಿಯ ಹತ್ತನೆಯಲ್ಲಿ ಒಂದೋ ಎರಡೋ ವಿಷಯ ಹೋದವರಿಗೆ ಕಾಲೇಜಿನ ಬಾಗಿಲು ಮುಚ್ಚುವುದಿಲ್ಲ. ಅಂಕಪಟ್ಟಿಯ ಮೇಲೆ ಎಟಿಕೆಟಿ ಎಂದು ಬರುತ್ತದೆ. 'ಅಲೌಡ್ ಟು ಕೀಪ್ ಟರ್ಮ್ಸ್' ಎಂಬುದರ ಮೊಟಕು ರೂಪ ಅದು. ಮುಂಬಯಿಯ ಮಕ್ಕಳ ಬಾಯಲ್ಲಿ ಇನ್ನೂ ಮೊಟಕಾಗಿ 'ಕೇಟಿ' ಆಗಿದೆ. ಹನ್ನೊಂದನೆಯ ಆನ್‌ಲೈನ್ ಪ್ರವೇಶದ ಸಾಮಾನ್ಯ ಸುತ್ತುಗಳೆಲ್ಲ ಮುಗಿದ ಮೇಲೆ ಇವರ ಸರದಿ ಬರುತ್ತದೆ. ಹಾಗಾಗಿ ಮಾಟುಂಗದ್ದೋ ವಿಲೇಪಾರ್ಲೆಯದ್ದೋ ದೊಡ್ಡ ಹೆಸರಿನ ಕಾಲೇಜಿನ ಆಸೆ ಇಟ್ಟುಕೊಳ್ಳಬಾರದು. ವಿಜ್ಞಾನದಲ್ಲೇ ಡುಮ್ಕಿ ಹೊಡೆದವರು ವಾಣಿಜ್ಯಕ್ಕೋ ಕಲಾ ಶಾಖೆಗೋ ಸೇರಿಕೊಳ್ಳುವುದು ವಾಡಿಕೆ. ಕಾಲೇಜಿನಲ್ಲಿ ಹನ್ನೊಂದನೆಯ ಪಾಠ ಕೇಳುತ್ತ, ಹತ್ತನೆಯ ವಿಜ್ಞಾನವನ್ನು ಮುಗಿಸಿಕೊಳ್ಳಬೇಕು. ಹತ್ತನೆಯದು ಪೂರ್ತಿ ಪಾಸಾಗದೆ ಹನ್ನೆರಡನೆಯದಕ್ಕೆ ಹೋಗಲಾಗದು. ಅಂದರೆ ಕೈಯಲ್ಲಿರುವುದು ಎರಡು ಸಲ: ಜೂನ್–ಜುಲೈಯದು ಒಂದು, ಮುಂದಿನ ಫೆಬ್ರವರಿ–ಮಾರ್ಚಿನದು ಇನ್ನೊಂದು. ಆ ಎರಡನೆಯದು ಹನ್ನೊಂದನೆಯ ವಾರ್ಷಿಕ ಪರೀಕ್ಷೆಯ ಹೊಸ್ತಿಲಲ್ಲೇ ಬರುತ್ತದೆ. ಅಕೌಂಟ್ಸ್ ಜೊತೆಗೆ ಗುರುತ್ವಾಕರ್ಷಣೆಯನ್ನೂ ಓದಬೇಕಾದ ಪರಿಸ್ಥಿತಿ. ಆದ್ದರಿಂದ ಜುಲೈಯನ್ನು 'ಟ್ರೈ ಮಾಡಿ ನೋಡುವ' ಎಂದುಕೊಳ್ಳಬೇಡಿ, ಅದೇ ನಿಜವಾದ ಪರೀಕ್ಷೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಕೂರುವುದು ಕಾಲೇಜಿನಲ್ಲಾದರೂ ಪರೀಕ್ಷೆ ಶಾಲೆಯದು. ವಿಜ್ಞಾನದ ಫಾರ್ಮ್ ತುಂಬಬೇಕಾದದ್ದು ಹಳೆಯ ಶಾಲೆಯ ಮೂಲಕ, ಹಳೆಯ ಸೀಟ್ ನಂಬರಿನ ಆಧಾರದ ಮೇಲೆ, ಪುನರ್‌ಪರೀಕ್ಷಾರ್ಥಿಯಾಗಿ. ಕಾಲೇಜಿನ ಆಫೀಸಿನವರಿಗೆ ಇದರಲ್ಲಿ ಕೆಲಸವಿಲ್ಲ, ಅವರು ನೆನಪಿಸುವುದೂ ಇಲ್ಲ. ಶಾಲೆಯವರೂ ಮನೆಗೆ ಫೋನು ಮಾಡಿ ಕರೆಯುವುದಿಲ್ಲ. ಹುಡುಗ ಇವೆರಡರ ನಡುವೆ ಬೀಳುತ್ತಾನೆ. ನಮ್ಮ ಬಿಲ್ಡಿಂಗಿನ ಒಬ್ಬ ಹುಡುಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕಾಲೇಜಿನ ನೋಟಿಸ್ ಬೋರ್ಡನ್ನೇ ನೋಡುತ್ತ ಕೂತಿದ್ದಳು. ಫೆಬ್ರವರಿ ಪರೀಕ್ಷೆಯ ಫಾರ್ಮ್ ಶಾಲೆಯಲ್ಲಿ ಬಂದು ಹೋಗಿತ್ತು. ವಿಜ್ಞಾನ ಅವಳಿಗೆ ಅಷ್ಟೇನೂ ಕಷ್ಟವಿರಲಿಲ್ಲ, ಗೊತ್ತಿಲ್ಲದ್ದು ಬಾಗಿಲು ಮಾತ್ರ. ನಾಚಿಕೆ ಬಿಟ್ಟು ಹಳೆಯ ಶಾಲೆಗೆ ಹೋಗಿ, ಕ್ಲಾರ್ಕ್ ಮೇಡಮ್ಮಿಗೆ ನಮಸ್ಕಾರ ಹೇಳಿ, ಅವರ ಫೋನ್ ನಂಬರ್ ಇಸಿದುಕೊಂಡು ಬನ್ನಿ. ದಸರೆಯ ಹೊತ್ತಿಗೆ ಒಮ್ಮೆ, ದೀಪಾವಳಿ ರಜೆ ಮುಗಿದ ಮೇಲೆ ಒಮ್ಮೆ ಕೇಳಿ. ಊರಲ್ಲಿದ್ದರೆ ರಿಸಲ್ಟ್ ಬಂದ ದಿನವೇ ಶಾಲೆಗೆ ಫೋನು ಮಾಡಿ. ಮುಂಬಯಿಯಲ್ಲಿ ಉಳಿದ ಚಿಕ್ಕಪ್ಪನೋ ಪಕ್ಕದ ಮನೆಯವರೋ ಹೋಗಿ ದುಡ್ಡು ಕಟ್ಟಲು ಆಗುತ್ತದೆಯೇ ಎಂದು ವಿಚಾರಿಸಿ.

ಹೋದಾಗ ಎರಡು ಪ್ರಶ್ನೆ ತಪ್ಪದೆ ಕೇಳಿ. ಆಂತರಿಕ 20 ಅಂಕ ಹಳೆಯದೇ ಉಳಿಯುತ್ತದೋ, ಪ್ರಯೋಗ ಮತ್ತೆ ಮಾಡಿ ಜರ್ನಲ್ ಕೊಡಬೇಕೋ? ಪರೀಕ್ಷಾ ಕೇಂದ್ರ ಎಲ್ಲಿ ಬೀಳುತ್ತದೆ? ಪಾಸಾದ ಐದು ವಿಷಯಗಳನ್ನು ಮತ್ತೆ ಬರೆಯಬೇಕಿಲ್ಲ, ಅವುಗಳ ಅಂಕ ಹಾಗೇ ಇರುತ್ತದೆ. ಆದರೆ ವಿಜ್ಞಾನದ ಭಾಗ 1, ಭಾಗ 2 ಎರಡನ್ನೂ ಬರೆಯಬೇಕು. "ಭಾಗ ಎರಡರಲ್ಲಿ ಚೆನ್ನಾಗಿ ಬಂದಿತ್ತಲ್ಲ" ಎಂಬ ವಾದ ನಡೆಯುವುದಿಲ್ಲ, ಎರಡೂ ಸೇರಿಯೇ ಒಂದು ವಿಷಯ.

ವಾಶಿಗೆ ಓಡಬೇಡಿ ಎಂದೂ ಹೇಳಿಬಿಡುತ್ತೇನೆ. ಮುಂಬಯಿ, ಠಾಣೆ, ಪಾಲ್ಘರ್, ರಾಯಗಡ ಜಿಲ್ಲೆಗಳಿಗೆಲ್ಲ ಮಂಡಳಿಯ ವಿಭಾಗೀಯ ಕಚೇರಿ ವಾಶಿಯಲ್ಲಿದೆ. ಹಾರ್ಬರ್ ಲೈನಿನಲ್ಲಿ ಒಂದು ಗಂಟೆ ತೂಗಾಡಿ ಹೋದವರಿಗೆ ಅಲ್ಲಿ ಸಿಗುವ ಉತ್ತರ "ಶಾಲೆಯ ಮೂಲಕ ಬನ್ನಿ". ಅಂಕ ತೀರಾ ಅನ್ಯಾಯವಾಗಿ ಬಂದಿದೆ ಅನಿಸಿದರೆ ಉತ್ತರಪತ್ರಿಕೆಯ ನಕಲು ಪ್ರತಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ನಕಲು ಪ್ರತಿ ತೆಗೆಸದೆ ಮರುಮೌಲ್ಯಮಾಪನಕ್ಕೆ ಹೋಗಲಾಗದು. ಅದರ ಗಡುವೂ ಸಣ್ಣದು. ಮೂರು ನಾಲ್ಕು ಅಂಕಕ್ಕೆ ತಪ್ಪಿದವರು ತೆಗೆಸಿ ನೋಡಲಿ. ಆದರೆ ಅದರ ಆಸೆಗೆ ಪೂರಕ ಪರೀಕ್ಷೆಯ ಫಾರ್ಮ್ ಬಿಡುವುದು ಬೇಡ, ಎರಡೂ ನಡೆಯಲಿ.

ಊರಿನ ನೆಂಟರ ಸಲಹೆಯನ್ನು ಸ್ವಲ್ಪ ಜರಡಿ ಹಿಡಿಯಬೇಕು. ಕರ್ನಾಟಕದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಬಂದಿದೆ, ಚೆನ್ನಾಗಿ ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಮಾವ ಫೋನಿನಲ್ಲಿ, "ವಿಜ್ಞಾನ ಒಂದನ್ನೇ ಮತ್ತೆ ಬರೆದು ಅಂಕ ಏರಿಸಿಕೋ ಮಾರಾಯ" ಅನ್ನುವುದು ಆ ಲೆಕ್ಕದಲ್ಲಿ. ಇಲ್ಲಿ ಹಾಗಿಲ್ಲ. ಪಾಸಾದವರು ಅಂಕ ಏರಿಸಿಕೊಳ್ಳಲು ಮಹಾರಾಷ್ಟ್ರದಲ್ಲಿ ಇರುವುದು ಶ್ರೇಣಿ ಸುಧಾರ ಯೋಜನೆ. ಅದರಲ್ಲಿ ಎಲ್ಲ ವಿಷಯಗಳನ್ನೂ ಮತ್ತೆ ಬರೆಯಬೇಕು, ಪಾಸಾದ ಮೇಲಿನ ಸತತ ಕೆಲವು ಪರೀಕ್ಷೆಗಳಲ್ಲಿ ಮಾತ್ರ. ಇದು ಯಾರಿಗೆ ಬೇಕು? ಹನ್ನೊಂದನೆಯ ಪ್ರವೇಶಕ್ಕಾದರೆ ಹೇಗೂ 'ಬೆಸ್ಟ್ ಆಫ್ ಫೈವ್' ಇದೆ, ಆರರಲ್ಲಿ ಕಡಿಮೆ ಬಂದ ಒಂದು ವಿಷಯ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಅಷ್ಟಕ್ಕಾಗಿ ಆರು ವಿಷಯ ಮತ್ತೆ ಬರೆಯುವುದು ನನ್ನ ಮಟ್ಟಿಗೆ ಬುದ್ಧಿವಂತಿಕೆಯಲ್ಲ. ಆದರೆ ರೈಲ್ವೆ ಅಪ್ರೆಂಟಿಸ್ ಹುದ್ದೆಯ ಮೇಲೆ ಕಣ್ಣಿಟ್ಟ ಹುಡುಗರಿದ್ದಾರೆ. ಹತ್ತನೆಯಲ್ಲಿ ಒಟ್ಟು ಶೇ. 50, ಜೊತೆಗೆ ಐಟಿಐ, ಇದು ಅಲ್ಲಿನ ಸಾಮಾನ್ಯ ಷರತ್ತು. ಶೇ. 47 ಬಂದು ನಿಂತವನಿಗೆ ಈ ಯೋಜನೆ ಅನ್ನದ ಪ್ರಶ್ನೆ. ಐಟಿಐಯಲ್ಲಿ ಇಲೆಕ್ಟ್ರಿಷಿಯನ್ ಆಗಬೇಕೆಂದರೂ ಹತ್ತನೆಯಲ್ಲಿ ವಿಜ್ಞಾನ, ಗಣಿತ ಓದಿ ಪಾಸಾಗಿರಬೇಕು. "ನನಗೆ ಕಾಮರ್ಸ್ ತಾನೆ, ಸಾಯನ್ಸ್ ಯಾಕೆ" ಎಂದು ಮೂತಿ ತಿರುಗಿಸುವ ಮಕ್ಕಳಿಗೆ ಇದನ್ನು ಒಮ್ಮೆ ಹೇಳಿ.

ಓದುವುದು ಹೇಗೆ

ನಪಾಸಾದ ಮಕ್ಕಳಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ. ಪುಸ್ತಕವನ್ನು ಮೊದಲ ಪುಟದಿಂದ ಹಿಡಿಯುತ್ತಾರೆ, ನಾಲ್ಕನೆಯ ಪಾಠದ ಹೊತ್ತಿಗೆ ದಿನ ಮುಗಿಯುತ್ತದೆ. ಅದಕ್ಕಿಂತ ಮೊದಲು ಪ್ರಶ್ನೆಪತ್ರಿಕೆ ಹೇಗಿರುತ್ತದೆಂದು ಬಿಡಿಸಿ ನೋಡಬೇಕು. ಒಂದೊಂದು ಭಾಗ 40 ಅಂಕ, ಎರಡು ಗಂಟೆ. ಮೊದಲ ಪ್ರಶ್ನೆಯಲ್ಲಿ ಆಯ್ಕೆಯವು ಐದು, ಒಂದು ಸಾಲಿನ ಉತ್ತರದಂಥವು ಐದು, ಒಟ್ಟು 10 ಅಂಕ. ಎರಡನೆಯದರಲ್ಲಿ ವೈಜ್ಞಾನಿಕ ಕಾರಣ ಕೊಡಿ ಎಂಬಂಥ ಎರಡಕ್ಕೆ 4, ಸಣ್ಣ ಉತ್ತರ ಮೂರಕ್ಕೆ 6. ಮೂರನೆಯದರಲ್ಲಿ ಎಂಟು ಕೊಟ್ಟು ಐದು ಬರೆಯಲು ಹೇಳುತ್ತಾರೆ, 15 ಅಂಕ. ಕೊನೆಯದು ಒಂದು ದೊಡ್ಡ ಉತ್ತರ, 5 ಅಂಕ. ಅಂದರೆ ಒಂದನೆಯದೂ ಮೂರನೆಯದೂ ಕೈವಶವಾದರೆ ಎರಡು ಭಾಗ ಸೇರಿ 80ರಲ್ಲಿ 50ಕ್ಕೆ ನೀವು ಅರ್ಹರು. ಪಾಸಿಗೆ ನೂರಕ್ಕೆ 35 ಸಾಕು. ಆದರೂ ಆಂತರಿಕ ಅಂಕವನ್ನು ಮರೆತು, ಬರವಣಿಗೆಯಲ್ಲೇ 35 ಗಳಿಸುತ್ತೇನೆಂದು ಕೂರಿ. ಆಗ ರಾತ್ರಿ ನೆಮ್ಮದಿಯ ನಿದ್ದೆ ಬರುತ್ತದೆ.

ಭಾಗ 2ರಿಂದ ಆರಂಭಿಸಿ ಎಂಬುದು ನನ್ನ ಹಟ. ಶಿಕ್ಷಕರು ಇದಕ್ಕೆ ಒಪ್ಪಲಿಕ್ಕಿಲ್ಲ. ಅದರ ಹತ್ತು ಪಾಠಗಳಲ್ಲಿ ಪರಿಸರ ನಿರ್ವಹಣೆ, ಹಸಿರು ಶಕ್ತಿ, ಸಾಮಾಜಿಕ ಆರೋಗ್ಯ, ವಿಪತ್ತು ನಿರ್ವಹಣೆ ಈ ನಾಲ್ಕರಲ್ಲಿ ಸೂತ್ರಗಳ ಕಾಟವಿಲ್ಲ. ಮುಂಬಯಿಯಲ್ಲಿ ಬೆಳೆದವನಿಗೆ ಅರ್ಧ ಪಾಠ ಕಣ್ಣೆದುರೇ ಇದೆ. ವಿಪತ್ತು ಅಂದರೆ 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಿತ್ತು. ಅಮ್ಮನನ್ನು ಕೇಳಿದರೆ ಆ ರಾತ್ರಿ ಯಾರು ಎಲ್ಲಿ ಸಿಕ್ಕಿಬಿದ್ದಿದ್ದರು, ಯಾವ ಬಿಲ್ಡಿಂಗಿನವರು ಚಹಾ ಬಿಸ್ಕೆಟ್ ಕೊಟ್ಟರು ಎಂದೆಲ್ಲ ಹೇಳುತ್ತಾರೆ. ವಿಪತ್ತಿನ ಮೊದಲು ಏನು ಮಾಡಬೇಕು, ಆಮೇಲೆ ಏನು ಎಂಬ ಉತ್ತರ ಅದರಲ್ಲೇ ಇದೆ. ಪರಮಾಣು ವಿದ್ಯುತ್ತಿಗೆ ಪಾಲ್ಘರ್ ಜಿಲ್ಲೆಯ ತಾರಾಪುರ ಇದೆ, 1969ರಿಂದ ವಿದ್ಯುತ್ ಕೊಡುತ್ತಿರುವ ದೇಶದ ಮೊದಲ ಅಣುಸ್ಥಾವರ. ಜೀವಿಗಳ ಆವಾಸಕ್ಕೆ ಬೋರಿವಲಿಯ ರಾಷ್ಟ್ರೀಯ ಉದ್ಯಾನದ ಚಿರತೆಗಳಿವೆ. ಸೂಕ್ಷ್ಮಜೀವಿಗಳ ಪಾಠವನ್ನು ಓದುವಾಗ ಇಡ್ಲಿ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡಿ, ಮೊಸರಿನ ಲ್ಯಾಕ್ಟೋಬ್ಯಾಸಿಲಸ್ ನೆನಪಿನಲ್ಲಿ ಉಳಿಯುತ್ತದೆ. ಹೋಟೆಲಿನವರ ಮಕ್ಕಳಿಗಂತೂ ಹುದುಗುವಿಕೆ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಕಷ್ಟದವು ಅನುವಂಶೀಯತೆ, ಜೀವಕ್ರಿಯೆಯ ಎರಡು ಪಾಠ, ಪ್ರಾಣಿಗಳ ವರ್ಗೀಕರಣ. ಇವುಗಳಲ್ಲಿ ಚಿತ್ರ ಮೊದಲು ಬಿಡಿಸಿ, ಓದುವುದು ಆಮೇಲೆ. ಕೋಶವಿಭಜನೆಯ ಹಂತಗಳನ್ನು ದಿನಕ್ಕೊಮ್ಮೆಯಂತೆ ಹತ್ತು ದಿನ ಗೀಚಿದವನು ಪರೀಕ್ಷೆಯಲ್ಲಿ ತಡವರಿಸುವುದಿಲ್ಲ.

ಭಾಗ 1ರಲ್ಲಿ ಲೆಕ್ಕಗಳಿವೆ, ಮಕ್ಕಳು ಹೆದರುವುದು ಅಲ್ಲಿ. ನಿಜ ಹೇಳಬೇಕೆಂದರೆ ಅಲ್ಲಿ ಬರುವ ಲೆಕ್ಕಗಳ ಜಾತಿ ಐದಾರು ಅಷ್ಟೆ. ನಾಭಿದೂರ ಅರ್ಧ ಮೀಟರ್ ಇದ್ದರೆ ಮಸೂರದ ಸಾಮರ್ಥ್ಯ 2 ಡಯಾಪ್ಟರ್, ಮೀಟರಿನಲ್ಲಿ ಬರೆದು ಒಂದನ್ನು ಅದರಿಂದ ಭಾಗಿಸಿದರಾಯಿತು. ಸೊನ್ನೆ ಡಿಗ್ರಿಯ ಐದು ಗ್ರಾಂ ಮಂಜುಗಡ್ಡೆಯನ್ನು ಸೊನ್ನೆ ಡಿಗ್ರಿಯ ನೀರು ಮಾಡಲು ಗ್ರಾಂಗೆ 80ರಂತೆ 400 ಕ್ಯಾಲೊರಿ. ಮೇಲಕ್ಕೆ ಎಸೆದ ಚೆಂಡು, ಭೂಮಿಯಿಂದ ಪಾರಾಗುವ ವೇಗ, ತಂತಿಯಲ್ಲಿ ಹುಟ್ಟುವ ಶಾಖ, ಹೀಗೆ ಒಂದೊಂದರಲ್ಲೂ ನಾಲ್ಕು ನಾಲ್ಕು ಲೆಕ್ಕ ಕೈಯಾರೆ ಮಾಡಿ. ಸೂತ್ರ ಬರೆದು, ಕೊಟ್ಟದ್ದೇನು ಬೇಕಾದ್ದೇನು ಎಂದು ಬರೆದು, ಏಕಮಾನ ಹಾಕಿದರೆ ಉತ್ತರ ತಪ್ಪಿದರೂ ಪೂರ್ತಿ ಸೊನ್ನೆ ಬೀಳುವುದಿಲ್ಲ. ವಿದ್ಯುತ್ ಮೋಟಾರಿನ ಚಿತ್ರ, ಜನರೇಟರಿನ ಚಿತ್ರ ಇವೆರಡು ಬಾಯಿಪಾಠವಲ್ಲ, 'ಕೈಪಾಠ' ಆಗಬೇಕು. ಲೋಹಗಳ ಸವೆತಕ್ಕೆ ಉದಾಹರಣೆ ಬೇಕಿದ್ದರೆ ಸಮುದ್ರದ ಗಾಳಿಗೆ ತುಕ್ಕು ಹಿಡಿದ ನಿಮ್ಮದೇ ಕಿಟಕಿಯ ಗ್ರಿಲ್ಲನ್ನು ನೋಡಿ. ವರ್ಲಿಯ ನೆಹರೂ ವಿಜ್ಞಾನ ಕೇಂದ್ರದಲ್ಲಿ ಒಂದು ರವಿವಾರ ಕಳೆದರೆ ಬೆಳಕಿನ ಪಾಠ ಅರ್ಧ ಮುಗಿದಂತೆ. ನಾನು ಹೀಗೆ ಹೇಳಿದಾಗ ಒಬ್ಬ ಅಪ್ಪ, "ಅಲ್ಲಿ ಅಂಕ ಕೊಡುತ್ತಾರಾ?" ಎಂದು ಕೇಳಿದ್ದರು.

ಇನ್ನು ಕೋಚಿಂಗ್ ಕ್ಲಾಸಿನ ಬಗ್ಗೆ. ನಪಾಸಾದ ಮಕ್ಕಳ ಮನೆಗೆ ಫೋನು ಮಾಡಿ, ಒಂದು ವಿಷಯಕ್ಕೆ ಇಡೀ ವರ್ಷದ ಪ್ಯಾಕೇಜ್ ಮಾರುವವರಿದ್ದಾರೆ. ನಾಲ್ಕಾರು ವಾರಗಳ ಓದಿಗೆ ಅಷ್ಟೊಂದು ದುಡ್ಡು ಸುರಿಯಬೇಕಿಲ್ಲ. ನೀವು ಸೇರಿದ ಕಾಲೇಜಿನಲ್ಲಿ ವಿಜ್ಞಾನ ಶಾಖೆಯೂ ಇದ್ದರೆ ಅಲ್ಲಿನ ಲ್ಯಾಬಿನ ಬಾಗಿಲಲ್ಲಿ ನಿಂತು, "ಸರ್, ಹತ್ತನೆಯದು ಒಂದು ಡೌಟ್" ಎಂದು ಕೇಳಿ ನೋಡಿ. ಕಾಮರ್ಸ್ ಹುಡುಗನೊಬ್ಬ ಹೀಗೆ ಕೇಳಿದರೆ ಮೇಷ್ಟ್ರುಗಳಿಗೆ ಒಳಗೊಳಗೇ ಖುಷಿಯಾಗುತ್ತದೆ. ಪಠ್ಯಪುಸ್ತಕ ಕಳೆದುಹೋಗಿದ್ದರೆ ಅದನ್ನು ಹೊರತರುವ ಬಾಲಭಾರತಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಮೂರು ಭಾಷೆಯ ತೊಡಕು

ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಹೊರತರುತ್ತದೆ, ಮಹಾರಾಷ್ಟ್ರದ ಹತ್ತನೆಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯಿಂದ, ನಗರಪಾಲಿಕೆಯ ಕನ್ನಡ ಶಾಲೆಗಳಿಂದ ಹೊರಬಂದ ಮಕ್ಕಳು ಈಗ ಕೂತಿರುವುದು ಇಂಗ್ಲಿಷ್ ಕಾಲೇಜಿನಲ್ಲಿ, ಹೋಗುತ್ತಿರುವ ಕ್ಲಾಸು ಮರಾಠಿಯಲ್ಲಿ. ಕ್ಲಾಸಿನ ಸರ್ 'ಪ್ರಕಾಶಾಚೆ ಅಪವರ್ತನ' ಎಂದರೆ ನಮ್ಮ ಹುಡುಗ ಗಣಿತದ ಅಪವರ್ತನವನ್ನು ಹುಡುಕುತ್ತಾನೆ. ಮರಾಠಿಯ ಅಪವರ್ತನ ಕನ್ನಡದಲ್ಲಿ ವಕ್ರೀಭವನ, ಇಂಗ್ಲಿಷಿನಲ್ಲಿ ರಿಫ್ರ್ಯಾಕ್ಷನ್. ಲೆನ್ಸಿಗೆ ನಾವು ಕನ್ನಡದಲ್ಲಿ ಮಸೂರ ಎನ್ನುತ್ತೇವೆ, ಮುಂಬಯಿಯಲ್ಲಿ ಮಸೂರ ಎಂದರೆ ಅಂಗಡಿಯ ಕೆಂಪು ಬೇಳೆ. ತಮಾಷೆಯೆಂದರೆ ಇಂಗ್ಲಿಷಿನ ಲೆನ್ಸ್ ಎಂಬ ಮಾತೂ ಲ್ಯಾಟಿನ್ನಿನ ಆ ಬೇಳೆಯ ಹೆಸರಿನಿಂದಲೇ ಬಂದದ್ದು, ಆಕಾರ ಹಾಗಿದೆಯಲ್ಲ. ಒಂದು ನೋಟುಬುಕ್ಕಿನಲ್ಲಿ ಮೂರು ಕಂಬ ಎಳೆದು ಇಂಥ ನೂರು ಶಬ್ದ ಬರೆದುಕೊಳ್ಳಿ. ಆದರೆ ಮೊದಲ ಸಲ ಯಾವ ಭಾಷೆಯಲ್ಲಿ ಬರೆದಿದ್ದಿರೋ ಅದರಲ್ಲೇ ಮತ್ತೆ ಬರೆಯಿರಿ. ಒಂದು ತಿಂಗಳ ಓದಿನಲ್ಲಿ ಭಾಷೆ ಬದಲಿಸುವ ಸಾಹಸ ಬೇಡ.

ಬಿಟ್ಟು ಬಹಳ ವರ್ಷವಾದವರಿಗೆ

ಹದಿನೈದು ವರ್ಷದ ಹಿಂದೆ ಕುಂದಾಪುರದಲ್ಲಿ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಡುಮ್ಕಿ ಹೊಡೆದು ಬಸ್ಸು ಹತ್ತಿ ಬಂದು, ಈಗ ಅಂಧೇರಿಯ ಹೋಟೆಲಿನ ಕ್ಯಾಷ್ ಕೌಂಟರಿನಲ್ಲಿ ಕೂತವರ ಕಥೆ ಬೇರೆ. ಒಂದು ಕಾಲದಲ್ಲಿ ಇಂಥವರಿಗೆಂದೇ ಫೋರ್ಟ್ ಭಾಗದಲ್ಲಿ ಮೊಗವೀರರದು, ಬಿಲ್ಲವರದು ಎಂದು ಕನ್ನಡ ರಾತ್ರಿಶಾಲೆಗಳಿದ್ದವು. ಹಗಲು ಟೇಬಲ್ ಒರೆಸಿ, ಸಂಜೆ ಬೆಂಚಿನ ಮೇಲೆ ಕೂತು ಮೆಟ್ರಿಕ್ ಮುಗಿಸಿದವರೇ ಮುಂದೆ ಹೋಟೆಲ್ ಮಾಲಿಕರೂ ವಕೀಲರೂ ಆದರು. ಅಂಥ ಶಾಲೆಗಳಲ್ಲಿ ಹಲವು ಮುಚ್ಚಿವೆ, ಕೆಲವು ಮಾಧ್ಯಮ ಬದಲಿಸಿವೆ. ಆದರೆ ರಾತ್ರಿಶಾಲೆ ಎಂಬುದು ಮುಂಬಯಿಯಲ್ಲಿ ಇನ್ನೂ ಸತ್ತಿಲ್ಲ. ಮೇಷ್ಟ್ರು ಎದುರಿಗಿದ್ದರೇ ಓದು ತಲೆಗೆ ಹತ್ತುವುದು ಎನ್ನುವವರು ಹತ್ತಿರದ್ದನ್ನು ವಿಚಾರಿಸಬೇಕು.

ಸಮಯವೇ ಸಿಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಇದೆ. ವಿಜ್ಞಾನ ಮತ್ತು ತಂತ್ರಜ್ಞಾನ ಅಲ್ಲಿ 212ನೆಯ ವಿಷಯ, ಪಾಸಿಗೆ ಶೇ. 33. ಏಪ್ರಿಲ್–ಮೇಯಲ್ಲೊಮ್ಮೆ, ಅಕ್ಟೋಬರ್–ನವೆಂಬರಿನಲ್ಲೊಮ್ಮೆ ಪರೀಕ್ಷೆ. ಹಳೆಯ ಮಂಡಳಿಯಲ್ಲಿ ಪಾಸಾದ ಎರಡು ವಿಷಯಗಳವರೆಗೆ ಅಂಕ ವರ್ಗಾಯಿಸಿಕೊಳ್ಳುವ ಸೌಲಭ್ಯವೂ ಉಂಟು, ನಿಮ್ಮ ವರ್ಷದ ಅಂಕಪಟ್ಟಿಗೆ ಅದು ಅನ್ವಯಿಸುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಹತ್ತನೆಯದು ಪಾಸಾಗಿದ್ದು ಒಂದೇ ವಿಷಯ ಬೇಕಾದವರು ಅಷ್ಟಕ್ಕೇ ಹೆಸರು ನೋಂದಾಯಿಸಬಹುದು. ಶಾಲೆಯನ್ನೇ ಅರ್ಧಕ್ಕೆ ಬಿಟ್ಟು ರಾಜ್ಯ ಮಂಡಳಿಯ ಹತ್ತನೆಗೆ ಒಮ್ಮೆಯೂ ಕೂರದವರಿಗೆ ಇರುವುದು 17ನೆಯ ನಂಬರಿನ ಫಾರ್ಮ್, ಖಾಸಗಿಯಾಗಿ ಕೂರುವ ದಾರಿ. ಒಮ್ಮೆ ಕೂತು ನಪಾಸಾದವರು ಇದಕ್ಕೆ ಕೈಹಾಕಬಾರದು, ಅವರದು ಹಳೆಯ ಶಾಲೆಯ ದಾರಿಯೇ. ಈ ಗೊಂದಲದಲ್ಲಿ ಏಜೆಂಟರಿಗೆ ದುಡ್ಡು ಕೊಟ್ಟವರನ್ನು ನೋಡಿದ್ದೇನೆ.

ಹನ್ನೆರಡನೆಯ ವಿಜ್ಞಾನ ಮತ್ತೆ ಬರೆಯುವವರಿಗೆ ಒಂದೆರಡು ಮಾತು ಸಾಕು. ಅಲ್ಲಿ ಶಾಲೆಯ ಜಾಗದಲ್ಲಿ ಜೂನಿಯರ್ ಕಾಲೇಜು, ಉಳಿದದ್ದು ಇದೇ ಕ್ರಮ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಕ್ಕೆ ಬರವಣಿಗೆ 70, ಪ್ರಯೋಗ 30. ಎಂಎಚ್‌ಟಿ–ಸಿಇಟಿಯಲ್ಲಿ ಒಳ್ಳೆಯ ಅಂಕ ಬಂದರೂ ಎಂಜಿನಿಯರಿಂಗಿಗೆ ಹನ್ನೆರಡನೆಯ ಪಿಸಿಎಂನಲ್ಲಿ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸೇರಿ, ಸಾಮಾನ್ಯ ವರ್ಗಕ್ಕೆ ಶೇ. 45, ಮೀಸಲು ವರ್ಗಕ್ಕೆ ಶೇ. 40 ಬೇಕು. ಸಿಇಟಿ ಕ್ಲಾಸಿನ ಗಡಿಬಿಡಿಯಲ್ಲಿ ಬೋರ್ಡನ್ನು ಕಡೆಗಣಿಸಿ, ಆಮೇಲೆ ಈ ಗೆರೆಗೆ ಮುಗ್ಗರಿಸುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ.

ಪೂರಕ ಪರೀಕ್ಷೆಯ ದಿನಗಳೆಂದರೆ ಮುಂಬಯಿಯ ಮಳೆಯ ದಿನಗಳು. ಕೇಂದ್ರಗಳು ಕಡಿಮೆಯಿರುವುದರಿಂದ ಮುಲುಂಡಿನವನಿಗೆ ದಾದರ್ ಬಿದ್ದರೂ ಬಿದ್ದೀತು. ಒಂದು ದಿನ ಮೊದಲೇ ಹೋಗಿ ಗೇಟು ನೋಡಿ ಬನ್ನಿ. 11 ಗಂಟೆಯ ಪರೀಕ್ಷೆಗೆ 10.30ಕ್ಕೇ ಒಳಗಿರಬೇಕು. ಸಯನ್, ಕುರ್ಲಾದಲ್ಲಿ ಹಳಿಯ ಮೇಲೆ ನೀರು ನಿಂತಿತೆಂದರೆ ಸೆಂಟ್ರಲ್ ಲೈನ್ ಕೈಕೊಡುತ್ತದೆ, ಆದ್ದರಿಂದ ಎರಡು ಲೋಕಲ್ ಮೊದಲೇ ಹೊರಡಿ. ಹಾಲ್ ಟಿಕೆಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಬ್ಯಾಗಿನಲ್ಲಿ ಒಣಗಿದ ಕರವಸ್ತ್ರ ಒಂದು ಇರಲಿ, ಒದ್ದೆ ಕೈಯಿಂದ ಉತ್ತರಪತ್ರಿಕೆಯ ಶಾಯಿ ಕಲಸಿಹೋಗುತ್ತದೆ. ಪೆನ್ಸಿಲ್ ಎರಡು ಒಯ್ಯಿರಿ. ಕೊನೆಗೆ ಸಿಗುವ ಹೆಚ್ಚಿನ ಹತ್ತು ನಿಮಿಷವನ್ನು ಚಿತ್ರಗಳ ಭಾಗಗಳನ್ನು ಗುರುತಿಸಲು ಇಟ್ಟುಕೊಳ್ಳಿ.

ಪಾಸಾದ ಮೇಲೆ ಹೊಸ ಅಂಕಪಟ್ಟಿ ಬರುವುದೂ ಹಳೆಯ ಶಾಲೆಗೇ. ಅದನ್ನು ಇಸಿದುಕೊಂಡು, ನಾಲ್ಕು ಪ್ರತಿ ತೆಗೆಸಿ, ಒಂದನ್ನು ಕಾಲೇಜಿನ ಆಫೀಸಿಗೆ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಹಾಕಿಸಿಕೊಂಡು ಬನ್ನಿ. ಹಳೆಯ ಅಂಕಪಟ್ಟಿಯನ್ನು ಸಿಟ್ಟಿನಿಂದ ಹರಿದು ಹಾಕಬೇಡಿ, ಎರಡನ್ನೂ ಒಂದೇ ಫೈಲಿನಲ್ಲಿಡಿ. ಮುಂದೆ ಯಾವುದಾದರೂ ಕಚೇರಿಯಲ್ಲಿ ಆ ಮೊದಲ ಸೀಟ್ ನಂಬರನ್ನು ಮತ್ತೆ ಕೇಳಿಯೇ ಕೇಳುತ್ತಾರೆ.